ಆರ್‌ಟಿಸಿವೇಕ್: ನಡುರಾತ್ರಿ ಜೆಟ್ ಬದಲಾಯಿಸುವವನ ಅಲಾರಂ

ಕೊಡಗಿನ ಸುಂಟಿಕೊಪ್ಪದ ಹತ್ತಿರ ನಮ್ಮದು ಸಣ್ಣ ರೋಬಸ್ಟಾ ಕಾಫಿ ತೋಟ. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟರೆ ಫೆಬ್ರವರಿ, ಮಾರ್ಚಿನಲ್ಲಿ ಕೆರೆಯಿಂದ ಸ್ಪ್ರಿಂಕ್ಲರ್ ಹಾಕಲೇಬೇಕು. ಒಂದು ಜಾಗಕ್ಕೆ ಮೂರು ಗಂಟೆ ನೀರು. ಆಮೇಲೆ ಪೈಪು, ನೀರು ಚಿಮ್ಮಿಸುವ ಜೆಟ್ ಎಲ್ಲ ಎತ್ತಿ ಮುಂದಕ್ಕೆ. ರಾತ್ರಿಯೂ ಇದೇ ಕೆಲಸ. ಹನ್ನೊಂದೂವರೆಗೆ ಮಲಗಿದವನು ಎರಡೂವರೆಗೆ ಏಳದಿದ್ದರೆ ಇಲ್ಲಿ ನೀರು ಸುಮ್ನೆ ಹರಿದುಹೋಗುತ್ತದೆ, ಅಲ್ಲಿ ಮೊಗ್ಗು ಒಣಗುತ್ತಿರುತ್ತದೆ.

ಮೊಬೈಲ್ ಇಲ್ವಾ ಅಂತ ಕೇಳಬೇಡಿ. ದಿಂಬಿನ ಪಕ್ಕದ ಮೊಬೈಲನ್ನು ನನ್ನ ಹೆಬ್ಬೆರಳು ನಿದ್ದೆಯಲ್ಲೇ ಆಫ್ ಮಾಡುತ್ತದೆ. ಬೆಳಿಗ್ಗೆ ನನಗೆ ಅದರ ನೆನಪೂ ಇರುವುದಿಲ್ಲ. ಅದಕ್ಕೇ ಮಗಳು ಮೈಸೂರಿಗೆ ಓದಲು ಹೋಗುವಾಗ ಬಿಟ್ಟುಹೋದ ಹಳೆ ಲ್ಯಾಪ್‌ಟಾಪನ್ನು ಹಾಲ್‌ನ ಆ ತುದಿಯಲ್ಲಿಟ್ಟೆ. ಎದ್ದು ನಡೆದು ಹೋಗದೆ ಬಾಯಿ ಮುಚ್ಚಿಸಲು ಆಗಬಾರದು. ಅದರಲ್ಲಿ ವಿಂಡೋಸ್ ಬದಲು ಇರುವುದು ಲಿನಕ್ಸ್ ಮಿಂಟ್.

ಮೊದಲು ಒಂದು ಗಡಿಯಾರದ ಆ್ಯಪ್ ಹಾಕಿಕೊಂಡೆ. ನೋಡಲು ಚೆಂದ. ಆದರೆ ಲ್ಯಾಪ್‌ಟಾಪ್ ಮಲಗಿತು, ಜೊತೆಗೆ ಆ್ಯಪೂ ಮಲಗಿತು. ಬೆಳಿಗ್ಗೆ ಎರಡನ್ನೂ ನಾನೇ ಎಬ್ಬಿಸಿದೆ. ಹೇಳಿದ ಹೊತ್ತಿಗೆ ಕೆಲಸ ಶುರುಮಾಡುವ ಲಿನಕ್ಸಿನ ಕ್ರಾನ್ ಕಥೆಯೂ ಅಷ್ಟೇ, ಮಲಗಿದ ಯಂತ್ರವನ್ನು ಅದು ಏಳಿಸುವುದಿಲ್ಲ.

"ಅಪ್ಪಾ, ಬೋರ್ಡ್ ಮೇಲೆ ಬೇರೆ ಗಡಿಯಾರ ಇದೆ, ಅದಕ್ಕೆ ಹೇಳಿ" ಅಂದಳು ಮಗಳು ಫೋನಿನಲ್ಲಿ. ಲ್ಯಾಪ್‌ಟಾಪ್ ಮಲಗಿದ್ದರೂ ಆ ಗಡಿಯಾರ ಓಡುತ್ತಲೇ ಇರುತ್ತದಂತೆ. ಅದಕ್ಕೆ ಹೊತ್ತು ಹೇಳಿ, ಲ್ಯಾಪ್‌ಟಾಪನ್ನು ಮಲಗಿಸಿ, ಸರಿಯಾದ ಸಮಯಕ್ಕೆ ಎಬ್ಬಿಸುವುದು ಆರ್‌ಟಿಸಿವೇಕ್. ಲಿನಕ್ಸಿನಲ್ಲಿ ಮೊದಲೇ ಇರುವ ಯುಟಿಲ್-ಲಿನಕ್ಸ್ ಎಂಬ ಸಲಕರಣೆಗಳ ಕಟ್ಟಿನ ಜೊತೆ ಬರುವ ಆಜ್ಞೆ ಇದು, ನಾನು ಹೊಸದಾಗಿ ಏನೂ ಹಾಕಿಕೊಳ್ಳಬೇಕಾಗಲಿಲ್ಲ. ಕಾಸೂ ಇಲ್ಲ.

ಮೂರು ಸಾಲಿನ ಒಂದು ಫೈಲ್ ಮಾಡಿಕೊಂಡಿದ್ದೇನೆ. ಮೊದಲ ಸಾಲು ಮಲಗಿಸುತ್ತದೆ, ಎದ್ದ ಮೇಲೆ ಎರಡನೆಯದು ದನಿಯನ್ನು ನೂರಕ್ಕೆ ಏರಿಸುತ್ತದೆ, ಮೂರನೆಯದು ಎಂಪಿವಿ ಪ್ಲೇಯರಿನಲ್ಲಿ ವಾಲಗ ಹಾಕುತ್ತದೆ. ನಮ್ಮೂರಿನ ಮದುವೆಯೊಂದರಲ್ಲಿ ನಾನೇ ರೆಕಾರ್ಡ್ ಮಾಡಿದ್ದು. ವಾಲಗ ಕೇಳಿ ಕಾಲು ಸುಮ್ಮನಿರುತ್ತದಾ? ಸುಡೊ, ಅಂದರೆ ಯಂತ್ರದ ಯಜಮಾನನ ಅಧಿಕಾರ, ಬೇಕಾಗುವುದು ಮೊದಲ ಸಾಲಿಗೆ ಮಾತ್ರ. ಇಡೀ ಫೈಲನ್ನೇ ಸುಡೊದಲ್ಲಿ ಓಡಿಸಿದಾಗ ನನ್ನಲ್ಲಿ ದನಿಯೇ ಬರಲಿಲ್ಲ.

ಸಮಯ ಕೊಡುವುದರಲ್ಲಿ ಒಮ್ಮೆ ಏಮಾರಿದೆ. 'ಟುಮಾರೋ' ಎರಡೂವರೆ ಅಂತ ಬರೆದಿದ್ದೆ. ಹನ್ನೆರಡರ ಒಳಗೆ ಒತ್ತಿದರೆ ಸರಿ. ಅವತ್ತು ಪಂಪು ತಡವಾಗಿ, ನಾನು ಒತ್ತಿದ್ದು ಹನ್ನೆರಡೂ ಹತ್ತಕ್ಕೆ. ದಿನ ಬದಲಾಗಿತ್ತು, ಅದು ಮರುದಿನದ ರಾತ್ರಿಗೆ ಕಾದು ಕೂತಿತು. ತಪ್ಪು ನನ್ನದೇ. ಈಗ ಗಂಟೆಯ ಗೋಜೇ ಇಲ್ಲ, ಸೆಕೆಂಡಿನಲ್ಲಿ ಕೊಡುತ್ತೇನೆ: ಮೂರು ಗಂಟೆಗೆ 10800. ಜೆಟ್ ಬದಲಾಯಿಸಿ ಬಂದು ಮತ್ತೆ ಅದೇ ಫೈಲ್ ಒತ್ತಿ ಮಲಗುವುದು. ಮೊದಲ ಸಲ 60 ಕೊಟ್ಟು ಹಗಲಲ್ಲೇ ನೋಡಿಕೊಳ್ಳಿ.

ಮುಚ್ಚಳ ತೆರೆದೇ ಇರಲಿ. ಬೆಕ್ಕು ಕೀಲಿಗಳ ಮೇಲೆ ಮಲಗುತ್ತದೆ ಅಂತ ಒಂದು ರಾತ್ರಿ ಮುಚ್ಚಿದ್ದೆ. ವಾಲಗ ಅರ್ಧ ನಿಮಿಷ ನುಡಿದು, ಲ್ಯಾಪ್‌ಟಾಪ್ ಮತ್ತೆ ನಿದ್ದೆಗೆ ಹೋಯಿತು. ಈಗ ಬೆಕ್ಕಿಗೆ ಅಡುಗೆಮನೆ. ಇಯರ್‌ಫೋನ್ ಸಿಕ್ಕಿಸಿದ್ದರೆ ತೆಗೆಯಿರಿ, ಇಲ್ಲದಿದ್ದರೆ ವಾಲಗ ಅದರೊಳಗೇ ನುಡಿಯುತ್ತದೆ. ಚಾರ್ಜರ್ ಹಾಕಿಡಿ. ಪೂರ್ತಿ ಆಫ್ ಮಾಡಿ ಎಬ್ಬಿಸುವ ಆಯ್ಕೆಯೂ ಇದೆ, ನನ್ನ ಲ್ಯಾಪ್‌ಟಾಪ್ ಅದಕ್ಕೆ ಒಪ್ಪಲಿಲ್ಲ. ಬರೀ ನಿದ್ದೆಯಾದರೆ ಈ ಸಲದ ಹನ್ನೊಂದು ರಾತ್ರಿಯಲ್ಲಿ, ಆ ಎರಡು ಎಡವಟ್ಟು ಬಿಟ್ಟರೆ, ಒಮ್ಮೆಯೂ ತಪ್ಪಿಲ್ಲ.

ಐದಕ್ಕೆ ನಾಲ್ಕು ಕೊಡುತ್ತೇನೆ. ಕಪ್ಪು ಪರದೆಯಲ್ಲಿ ಅಕ್ಷರ ಕುಟ್ಟಬೇಕು, ಕನ್ನಡಕ ಬೇರೆ ಹುಡುಕಬೇಕು, ಅದಕ್ಕೆ ಒಂದು ಕಟ್. ನಮ್ಮನೆಯವಳು ಎರಡೇ ಕೊಟ್ಟಿದ್ದಾಳೆ. "ಜೆಟ್ ಬದಲಾಯಿಸೋದು ನೀವೊಬ್ಬರೇ ಅಲ್ವಾ ರೀ, ಲೈನ್‌ಮನೆಯ ಕೆಲಸದವರೆಲ್ಲ ಯಾಕೆ ಏಳಬೇಕು?" ನಾಳೆಯಿಂದ ದನಿ ಎಪ್ಪತ್ತಕ್ಕೆ.