ಒಂದು ಲೀಟರಿನ ತಾಮ್ರದ ಬಾಟಲಿ: ಡಬ್ಬದ ಮೇಲೆ ಬರೆದದ್ದರಲ್ಲಿ ನಿಜ ಎಷ್ಟು?

ತಾಮ್ರದ ಬಾಟಲಿಯ ಡಬ್ಬ ಓದಿದರೆ ಇನ್ನು ಔಷಧದಂಗಡಿಯೇ ಬೇಡ ಅನ್ನಿಸಬೇಕು. ಥೈರಾಯ್ಡ್ ಹತೋಟಿಗೆ ಬರುತ್ತದಂತೆ, ತೂಕ ಇಳಿಯುತ್ತದಂತೆ, ಕೀಲುನೋವು ಹೋಗುತ್ತದಂತೆ, ರಕ್ತ ಹೆಚ್ಚುತ್ತದಂತೆ, ಕೂದಲು ನರೆಯುವುದಿಲ್ಲವಂತೆ, ನೀರು ‘ಆಲ್ಕಲೈನ್’ (ಕ್ಷಾರೀಯ) ಆಗುತ್ತದಂತೆ. ಇಷ್ಟರಲ್ಲಿ ಗಟ್ಟಿ ಆಧಾರ ಇರುವುದು ಒಂದೇ ಮಾತಿಗೆ, ತಾಮ್ರವು ನೀರಿನಲ್ಲಿರುವ ರೋಗಾಣುಗಳನ್ನು ಕೊಲ್ಲುತ್ತದೆ ಎಂಬುದಕ್ಕೆ. ಅದನ್ನು ಎಷ್ಟೋ ಡಬ್ಬಗಳಲ್ಲಿ ಕೊನೆಯ ಸಾಲಿನಲ್ಲಿ ಸಣ್ಣಕ್ಷರದಲ್ಲಿ ಹಾಕಿರುತ್ತಾರೆ.

ಆ ಆಧಾರ ನಮ್ಮ ಬೆಂಗಳೂರಿನದೇ. ಇಲ್ಲಿನ ಆಯುರ್ವೇದ ಸಂಶೋಧನಾ ಸಂಸ್ಥೆಯೊಂದರ ವಿಜ್ಞಾನಿಗಳು 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಲರಾ, ಟೈಫಾಯ್ಡ್, ಆಮಶಂಕೆ ತರುವ ಬ್ಯಾಕ್ಟೀರಿಯಾಗಳನ್ನೂ ಭೇದಿ ತರುವ ಇ. ಕೋಲಿಯನ್ನೂ ನೀರಿಗೆ ಬೆರೆಸಿ ತಾಮ್ರದ ಪಾತ್ರೆಯಲ್ಲಿ ಕೋಣೆಯ ಉಷ್ಣತೆಯಲ್ಲೇ 16 ಗಂಟೆ ಇಟ್ಟರು. ಆಮೇಲೆ ಆ ನೀರಿನಿಂದ ಅವನ್ನು ಮತ್ತೆ ಬೆಳೆಸಲು ಆಗಲಿಲ್ಲ. ನೀರಿಗೆ ಇಳಿದ ತಾಮ್ರ ಲೀಟರಿಗೆ ಸುಮಾರು 0.18 ಮಿಲಿಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ 2 ಮಿಲಿಗ್ರಾಂ, ಹಾಗಾಗಿ ಭಯವಿಲ್ಲ. ಕುಡಿಯುವ ನೀರಿಗೆ ನಮ್ಮ ದೇಶದ ಐಎಸ್ 10500 ಮಾನದಂಡ ಹಾಕಿದ ಮೊದಲ ಗೆರೆ 0.05 ಮಿಲಿಗ್ರಾಂ, ಬೇರೆ ನೀರು ಸಿಗದಿದ್ದಾಗ 1.5ರವರೆಗೆ. ಮೊದಲ ಗೆರೆಯನ್ನು ಈ ನೀರು ದಾಟುತ್ತದೆ ನಿಜ, ಆದರೆ ಆ ಗೆರೆ ಹಾಕಿರುವುದು ರುಚಿ ಮತ್ತು ಬಣ್ಣದ ಕಾರಣಕ್ಕೆ.

ಇಲ್ಲಿ ಗಮನಿಸಬೇಕಾದ್ದು 16 ಗಂಟೆ ಎಂಬ ಸಂಖ್ಯೆ. ‘ರಾತ್ರಿ ತುಂಬಿಡಿ, ಬೆಳಗ್ಗೆ ಕುಡಿಯಿರಿ’ ಎಂದರೆ ಆಗುವುದು ಏಳೆಂಟು ಗಂಟೆ. ಪ್ರಯೋಗದ ಫಲಿತಾಂಶವನ್ನು ಅರ್ಧ ಹೊತ್ತಿಗೆ ಅನ್ವಯಿಸುವಂತಿಲ್ಲ. ಫ್ರಿಜ್ಜಿನಲ್ಲಿಟ್ಟರೆ ತಾಮ್ರದ ಕೆಲಸ ಇನ್ನೂ ನಿಧಾನ. ವೈರಸ್ಸು, ಅಮೀಬಾದಂಥವುಗಳ ವಿಷಯದಲ್ಲಂತೂ ಬಾಟಲಿಯನ್ನು ನಂಬಿ ಕೂರಬೇಡಿ. ನೀರು ಅನುಮಾನವಿದ್ದರೆ ಕುದಿಸಿ, ಆರಿಸಿ, ಆಮೇಲೆ ತಾಮ್ರಕ್ಕೆ ಸುರಿಯಿರಿ. ಕೋಲಾರ, ಪಾವಗಡದ ಕಡೆಯ ಬೋರ್‌ವೆಲ್ ನೀರಿನ ಫ್ಲೋರೈಡನ್ನು ತಾಮ್ರ ಒಂದಿಷ್ಟೂ ತೆಗೆಯುವುದಿಲ್ಲ, ಕುದಿಸಿದರೂ ಅದು ಹೋಗುವುದಿಲ್ಲ.

ಉಳಿದ ಮಾತುಗಳನ್ನು ಬೇಗ ಮುಗಿಸಬಹುದು. ಆಲ್ಕಲೈನ್: ಅದೇ ಪ್ರಯೋಗದಲ್ಲಿ ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ) 7.83ರಿಂದ 7.93ಕ್ಕೆ ಏರಿತ್ತು, ಜಠರದ ಆಮ್ಲದ ಮುಂದೆ ಅದು ಲೆಕ್ಕಕ್ಕೇ ಇಲ್ಲ. ಥೈರಾಯ್ಡಿಗೆ ಬೇಕಾದ್ದು ಅಯೋಡಿನ್. ಕೂದಲಿನ ಬಣ್ಣ ತಯಾರಿಸುವ ಕಿಣ್ವದಲ್ಲಿ ತಾಮ್ರ ಇದೆ ನಿಜ, ಆದರೆ ಕೊರತೆಯಿಲ್ಲದವರು ಹೆಚ್ಚು ತಾಮ್ರ ಕುಡಿದರೆ ನರೆ ನಿಲ್ಲುತ್ತದೆ ಎನ್ನಲು ಆಧಾರವಿಲ್ಲ. ತೂಕ ಇಳಿದರೆ ಅದು ನೀರು ಕುಡಿದು ಕಾಫಿ, ಜ್ಯೂಸ್ ಕಡಿಮೆ ಮಾಡಿದ್ದರಿಂದ, ಸ್ಟೀಲ್ ಲೋಟದಲ್ಲಿ ಕುಡಿದರೂ ಅಷ್ಟೇ ಇಳಿಯುತ್ತದೆ. ಕೀಲುನೋವಿಗೆ ತಾಮ್ರದ ಬಳೆಯನ್ನೇ ಬ್ರಿಟನ್ನಿನ ಯಾರ್ಕ್ ವಿಶ್ವವಿದ್ಯಾಲಯದವರು 70 ಮಂದಿ ಸಂಧಿವಾತ ರೋಗಿಗಳಿಗೆ ತೊಡಿಸಿ ನೋಡಿದ್ದರು. 2013ರಲ್ಲಿ ಬಂದ ಫಲಿತಾಂಶದಲ್ಲಿ ನಕಲಿ ಬಳೆಗಿಂತ ಹೆಚ್ಚಿನ ಗುಣ ಕಾಣಲಿಲ್ಲ.

ರಕ್ತಹೀನತೆಯ ಮಾತಿಗೆ ಮಾತ್ರ ಒಂದು ಎಳೆ ಸತ್ಯವಿದೆ. ದೇಹ ಕಬ್ಬಿಣವನ್ನು ಬಳಸಿಕೊಳ್ಳಲು ತಾಮ್ರ ಬೇಕು, ತಾಮ್ರ ತೀರಾ ಕಡಿಮೆಯಾದರೂ ರಕ್ತ ಕಡಿಮೆಯಾಗುತ್ತದೆ. ಅದು ಬಹಳ ಅಪರೂಪ. ಜಠರದ ಶಸ್ತ್ರಚಿಕಿತ್ಸೆ ಆದವರಲ್ಲಿ, ಸತುವಿನ ಮಾತ್ರೆ ವಿಪರೀತ ನುಂಗುವವರಲ್ಲಿ ಕಾಣುವಂಥದ್ದು. ನಮ್ಮಲ್ಲಿ ಸಾಮಾನ್ಯವಾಗಿ ಕಾಣುವುದು ಕಬ್ಬಿಣದ ಕೊರತೆ. ಲೆಕ್ಕ ಹಾಕಿ: ದಿನಕ್ಕೆ ಎರಡು ಲೀಟರ್ ತಾಮ್ರದ ನೀರು ಕುಡಿದರೆ ಸಿಗುವುದು 0.35 ಮಿಲಿಗ್ರಾಂ ತಾಮ್ರ. ಹತ್ತು ಗೋಡಂಬಿಯಲ್ಲೋ ಒಂದು ದೊಡ್ಡ ಚಮಚ ಎಳ್ಳಿನಲ್ಲೋ ಅಷ್ಟೇ ಇರುತ್ತದೆ.

ಇನ್ನು ಸಾಮಾನಿನ ವಿಷಯ. ಅಂಗಡಿಯಲ್ಲಿ ಕೈಗೆತ್ತಿಕೊಂಡ ಕೂಡಲೇ ತೂಕ ನೋಡಿ. ಏಳು ಸೆಂಟಿಮೀಟರ್ ಅಗಲ, 26 ಸೆಂಟಿಮೀಟರ್ ಎತ್ತರದ ಒಂದು ಲೀಟರ್ ಬಾಟಲಿಗೆ ಅರ್ಧ ಮಿಲಿಮೀಟರ್ ದಪ್ಪದ ತಗಡು ಹಾಕಿದ್ದರೆ ಖಾಲಿ ತೂಕ 290 ಗ್ರಾಂ ಆಸುಪಾಸು ಬರಬೇಕು. 200 ಗ್ರಾಂಗಿಂತ ಹಗುರ ಎಂದರೆ ತಗಡು ತೀರಾ ತೆಳು, ಬ್ಯಾಗಿನಲ್ಲಿ ಒಂದು ಸಲ ಒತ್ತಿದರೆ ನೆಗ್ಗುತ್ತದೆ. ಆಯಸ್ಕಾಂತ ಅಂಟಿದರೆ ಒಳಗಿರುವುದು ಕಬ್ಬಿಣ. ಅಂಟದಿದ್ದರೆ ತಾಮ್ರವೇ ಎಂದೇನೂ ಅಲ್ಲ, ಒಳ್ಳೆಯ ಸ್ಟೀಲೂ ಅಂಟುವುದಿಲ್ಲ.

‘ಒಳಗೆ ತಾಮ್ರದ ಪದರ’ ಎಂದು ಮಾರುವ ಸ್ಟೀಲ್ ಫ್ಲಾಸ್ಕುಗಳಲ್ಲಿ ಆ ಪದರ ಸಾಮಾನ್ಯವಾಗಿ ಎರಡು ಗೋಡೆಗಳ ನಡುವೆ ಇರುತ್ತದೆ. ಬಿಸಿ ಹಿಡಿದಿಡಲು ಹಾಕಿದ್ದು, ನೀರಿಗೆ ಸೋಕುವುದೇ ಇಲ್ಲ. ತಾಮ್ರದ ನೀರು ಬೇಕೆಂದು ಅದನ್ನು ಕೊಂಡರೆ ದುಡ್ಡು ದಂಡ.

ಹೊಳಪು ಮಾಸದಿರಲೆಂದು ಹೊರಗೆ ಲ್ಯಾಕರ್ ಎಂಬ ಪಾರದರ್ಶಕ ಲೇಪನ ಬಳಿದಿರುತ್ತಾರೆ, ಅದರಿಂದ ತೊಂದರೆಯಿಲ್ಲ. ಒಳಗೂ ಬಳಿದಿದ್ದರೆ ಬಾಟಲಿ ನಿಷ್ಪ್ರಯೋಜಕ. ಪರೀಕ್ಷೆ ಸುಲಭ: ನಿಂಬೆರಸಕ್ಕೆ ಚಿಟಿಕೆ ಉಪ್ಪು ಬೆರೆಸಿ ಬಾಯಿಯ ಒಳ ಅಂಚಿಗೆ ಸವರಿ. ಮಂಕಾಗಿದ್ದ ಲೋಹ ಅರ್ಧ ನಿಮಿಷದೊಳಗೆ ಗುಲಾಬಿ ಬಣ್ಣಕ್ಕೆ ತಿರುಗಿದರೆ ಅದು ಬರಿಯ ತಾಮ್ರ. ಏನೂ ಆಗದಿದ್ದರೆ ಮೇಲೆ ಲೇಪನವಿದೆ. ಕುತ್ತಿಗೆಯಲ್ಲಿ ಬೆಸುಗೆಯ ಗೆರೆ ಇರುವುದನ್ನು ಬಿಡಿ, ಕಳಪೆ ಬೆಸುಗೆಯಲ್ಲಿ ಸೀಸ ಇರುವ ಸಾಧ್ಯತೆ ಇರುತ್ತದೆ. ಮುಚ್ಚಳದ ವಾಷರ್ ಸಿಲಿಕೋನಿನದಾಗಿರಲಿ, ಬಿಡಿಸಿ ತೊಳೆಯುವಂತಿರಲಿ.

ಈ ಬಾಟಲಿಯ ದೊಡ್ಡ ದೋಷ ಅದರ ಬಾಯಿ. ನಾಲ್ಕು ಸೆಂಟಿಮೀಟರ್ ಬಾಯಿಯೊಳಗೆ ಕೈ ಹೋಗುವುದಿಲ್ಲ, ತಳ ಕಣ್ಣಿಗೂ ಸರಿಯಾಗಿ ಬೀಳುವುದಿಲ್ಲ. ಕಿಲುಬು ಕೂರುವುದು ಅಲ್ಲೇ. ಒಳಗೆ ಕಂದು ಅಥವಾ ಕಪ್ಪು ಛಾಯೆ ಬಂದರೆ ಗಾಬರಿ ಬೇಡ, ಅದು ಗಾಳಿಗೆ ಕೂಡುವ ಆಕ್ಸೈಡ್. ಹಸಿರು ಅಥವಾ ನೀಲಿ ಬಣ್ಣ ಕಂಡರೆ ತೊಳೆಯದೆ ಕುಡಿಯಬಾರದು. ಟಾರ್ಚ್ ಹಾಕಿ ನೋಡುವ ಅಭ್ಯಾಸ ಒಳ್ಳೆಯದು.

ತೊಳೆಯುವ ಕ್ರಮ ಹೀಗೆ. ಗೋಲಿ ಗಾತ್ರದ ಹುಣಸೆಹಣ್ಣನ್ನು ಅರ್ಧ ಲೋಟ ಬೆಚ್ಚನೆಯ ನೀರಿನಲ್ಲಿ ಕಿವುಚಿ, ಸೋಸಿ, ಒಂದು ಚಮಚ ಉಪ್ಪು ಹಾಕಿ ಬಾಟಲಿಗೆ ಸುರಿಯಿರಿ. ಎರಡು ಮೂರು ನಿಮಿಷ ಕುಲುಕಿ, ಉದ್ದ ಹಿಡಿಯ ನೈಲಾನ್ ಬ್ರಶ್ಶಿನಿಂದ ತಳ ತಿಕ್ಕಿ. ಚೆಲ್ಲುವಾಗ ನೀರಿಗೆ ಹಸಿರು ಛಾಯೆ ಕಂಡರೆ ಅದು ಕರಗಿ ಬಂದ ತಾಮ್ರ. ಮೂರು ಸಲ ಚೆನ್ನಾಗಿ ಜಾಲಿಸಿ, ಮುಚ್ಚಳ ತೆಗೆದು ಬೋರಲು ಹಾಕಿ ಪೂರ್ತಿ ಒಣಗಿಸಿ. ಹುಳಿನೀರನ್ನು ರಾತ್ರಿಯಿಡೀ ಬಿಡುವ ತಪ್ಪು ಮಾಡಬೇಡಿ, ಹುಳಿ ಆಕ್ಸೈಡಿನ ಜೊತೆ ಲೋಹವನ್ನೂ ತಿನ್ನುತ್ತದೆ. ಪಾತ್ರೆ ಬೆಳಗುವ ಪೀತಾಂಬರಿಯಂಥ ಪುಡಿ ಹೊರಮೈಗೆ ಸರಿ, ಕೈ ಹೋಗದ ಒಳಮೈಗೆ ಬೇಡ. ಸ್ಟೀಲ್ ನಾರು ಗೀರು ಮಾಡುತ್ತದೆ, ಗೀರಿನಲ್ಲೇ ಮತ್ತೆ ಕಿಲುಬು. ವಾರಕ್ಕೊಮ್ಮೆ ಇಷ್ಟು ಮಾಡಿದರೆ ಸಾಕು, ದಿನವೂ ಬೆಳಗಿದರೆ ತಾಮ್ರ ಸುಮ್ಮನೆ ಸವೆಯುತ್ತದೆ.

ಏನು ತುಂಬಬಾರದು ಎನ್ನುವುದು ಇನ್ನೂ ಮುಖ್ಯ. ನಿಂಬೆ ಪಾನಕ, ಮಜ್ಜಿಗೆ, ಹಣ್ಣಿನ ರಸ ಬೇಡವೇ ಬೇಡ. ಬೆಳಗ್ಗೆ ಬಿಸಿನೀರಿಗೆ ನಿಂಬೆ, ಜೇನು ಹಾಕಿ ಇದರಲ್ಲೇ ಆಫೀಸಿಗೆ ಒಯ್ಯುವವರು ಎರಡು ತಪ್ಪನ್ನು ಒಟ್ಟಿಗೆ ಮಾಡುತ್ತಾರೆ: ಹುಳಿಯೂ ಬಿಸಿಯೂ ತಾಮ್ರವನ್ನು ಕರಗಿಸುತ್ತವೆ. ಹೊಟ್ಟೆ ತೊಳಸು, ವಾಂತಿ ಆಗುವುದು ಅದರಿಂದ. ಅಜ್ಜಿಯರು ಕಲಾಯಿ ಹಾಕಿಸದ ತಾಮ್ರದ ಪಾತ್ರೆಯಲ್ಲಿ ಸಾರು ಮಾಡುತ್ತಿರಲಿಲ್ಲ, ಕಾರಣ ಇದೇ. ಆರ್‌ಒ ನೀರಿನಲ್ಲಿ ಖನಿಜ ಕಡಿಮೆ, ಸ್ವಲ್ಪ ಹುಳಿಯ ಕಡೆಗೂ ವಾಲಿರುತ್ತದೆ, ಅದರಲ್ಲೂ ತಾಮ್ರ ಹೆಚ್ಚು ಇಳಿಯುತ್ತದೆ. ಆರ್‌ಒ ನೀರು ತುಂಬುವವರು 16 ಗಂಟೆ ದಾಟಿಸಬೇಡಿ, ವಾರಾಂತ್ಯ ಪೂರ್ತಿ ಬಾಟಲಿಯಲ್ಲೇ ಉಳಿದ ನೀರನ್ನು ಗಿಡಕ್ಕೆ ಹಾಕಿ. ನಾಲಿಗೆಗೆ ನಾಣ್ಯ ನೆಕ್ಕಿದಂತೆ ಒಗರು ತಾಗಿದರೆ ಆ ನೀರನ್ನು ಕುಡಿಯಬೇಡಿ.

ಹಸುಗೂಸಿನ ಹಾಲು, ಹಾಲಿನ ಪುಡಿ ಕಲಸುವ ನೀರು ಇವುಗಳ ಹತ್ತಿರಕ್ಕೂ ತಾಮ್ರ ಬರಬಾರದು. ಭಾರತದಲ್ಲಿ ಹಿಂದೆ ಎಳೆಯ ಮಕ್ಕಳ ಯಕೃತ್ತು ಹಾಳುಮಾಡಿ ಜೀವ ತೆಗೆಯುತ್ತಿದ್ದ ಒಂದು ಕಾಯಿಲೆ ಇತ್ತು. ಕಲಾಯಿಯಿಲ್ಲದ ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಕಾಯಿಸಿಟ್ಟ ಹಾಲಿಗೂ ಅದಕ್ಕೂ ನಂಟಿದೆ ಎಂದು 1980ರ ದಶಕದಲ್ಲಿ ಪುಣೆಯಲ್ಲಿ ನಡೆದ ಅಧ್ಯಯನಗಳು ತೋರಿಸಿದವು. ಹಾಲಿಗೆ ಸ್ಟೀಲ್ ಪಾತ್ರೆ ಬಂದ ಮೇಲೆ ಆ ಕಾಯಿಲೆ ಹೆಚ್ಚುಕಡಿಮೆ ಕಣ್ಮರೆಯಾಯಿತು. ‘ಹಿಂದಿನವರು ಬಳಸುತ್ತಿದ್ದರು, ಏನೂ ಆಗಲಿಲ್ಲ’ ಎನ್ನುವವರಿಗೆ ಇದನ್ನು ಹೇಳಬೇಕಾಗುತ್ತದೆ. ದೇಹದಿಂದ ತಾಮ್ರ ಹೊರಹೋಗದ ವಿಲ್ಸನ್ ಕಾಯಿಲೆ ಇರುವವರೂ ಇದನ್ನು ಮುಟ್ಟಬಾರದು.

ಕೊಳ್ಳಬಹುದೇ? ಮನೆಯಲ್ಲಿಟ್ಟು ಕುಡಿಯುವುದಾದರೆ ಬಾಟಲಿ ಬೇಡ, ಮುಚ್ಚಳವಿರುವ ಅಗಲ ಬಾಯಿಯ ತಾಮ್ರದ ಚೊಂಬು ಅಥವಾ ಬಿಂದಿಗೆ ಕೊಳ್ಳಿ. ಕೈ ಹಾಕಿ ತಿಕ್ಕಬಹುದು, ತಳ ಕಾಣುತ್ತದೆ. ಪಾತ್ರೆ ದೊಡ್ಡದಾದಷ್ಟೂ ಲೀಟರಿಗೆ ಸಿಗುವ ಲೋಹದ ಮೈ ಕಡಿಮೆ: ಒಂದು ಲೀಟರ್ ಬಾಟಲಿಯಲ್ಲಿ 650 ಚದರ ಸೆಂಟಿಮೀಟರ್, ಹತ್ತು ಲೀಟರ್ ಬಿಂದಿಗೆಯಲ್ಲಿ ಅದರ ಮೂರನೇ ಒಂದು ಪಾಲು. ಹಾಗಾಗಿ ಬಿಂದಿಗೆಯಲ್ಲಿ ತಾಮ್ರ ಇಳಿಯುವುದೂ ನಿಧಾನ, ಕ್ರಿಮಿ ಸಾಯುವುದೂ ನಿಧಾನ. ಪ್ರಯಾಣಕ್ಕೇ ಬೇಕೆಂದರೆ ಬಾಟಲಿ ಆಗಬಹುದು, ಬಾಯಿ ಅಗಲವಿರುವುದನ್ನು ಆರಿಸಿ. ಚಿತ್ತಾರ ಬಿಡಿಸಿದ್ದಕ್ಕೆ ಹೆಚ್ಚು ಕೊಡಬೇಡಿ, ಬಣ್ಣ ಮೊದಲು ಏಳುವುದೇ ತಳದ ಅಂಚಿನಲ್ಲಿ. ಬೆಂಗಳೂರಿನ ಚಿಕ್ಕಪೇಟೆಯಂಥ ಕಡೆ ಹಳೆಯ ಪಾತ್ರೆ ಅಂಗಡಿಗಳಲ್ಲಿ ತಾಮ್ರವನ್ನು ಇಂದಿಗೂ ಕಿಲೋ ಲೆಕ್ಕದಲ್ಲಿ ಮಾರುತ್ತಾರೆ. ಅಂದಿನ ದರ ಕೇಳಿ, ತಕ್ಕಡಿಗೆ ಹಾಕಿಸಿ, ಮಜೂರಿ ಎಷ್ಟು ಸೇರಿಸಿದ್ದಾರೆ ನೋಡಿ, ಆಮೇಲೆ ಚೌಕಾಸಿಗೆ ಇಳಿಯಿರಿ.