ಡೆತ್ ವ್ಯಾಲಿಯ ರೇಸ್‌ಟ್ರ್ಯಾಕ್‌ಗೆ ಬಾಡಿಗೆ ಕಾರಿನಲ್ಲಿ ಹೋಗಬೇಡಿ

ಲಾಸ್ ವೇಗಸ್‌ನಲ್ಲಿ ಕಾರು ಬಾಡಿಗೆಗೆ ಹಿಡಿದು ಝಯಾನ್, ಬ್ರೈಸ್, ಡೆತ್ ವ್ಯಾಲಿ ಸುತ್ತಬೇಕೆಂದಿರುವವರು ದಯವಿಟ್ಟು ಇದನ್ನು ಓದಿ. ಮೊದಲೆರಡು ಪಾರ್ಕುಗಳಲ್ಲಿ ನಮಗೆ ಯಾವ ತೊಂದರೆಯೂ ಆಗಲಿಲ್ಲ. ಆಗಿದ್ದೆಲ್ಲ ಡೆತ್ ವ್ಯಾಲಿಯಲ್ಲಿ, ಡಾಂಬರು ಮುಗಿದ ಮೇಲೆ.

ಮಾರ್ಚ್ ಕೊನೆಯ ವಾರ. ನಾನು, ನನ್ನ ಹೆಂಡತಿ, ಊರಿಂದ ಬಂದಿದ್ದ ಅಪ್ಪ, ಅಮ್ಮ. ಬೆಳಿಗ್ಗೆ ಬ್ಯಾಡ್‌ವಾಟರ್ ನೋಡಿದೆವು. ಸಮುದ್ರಮಟ್ಟಕ್ಕಿಂತ 282 ಅಡಿ ಕೆಳಗಿರುವ ಆ ಉಪ್ಪಿನ ಬಯಲಲ್ಲಿ ಅಮ್ಮ ಮಗುವಿನ ಹಾಗೆ ಓಡಾಡಿದಳು. ಅಪ್ಪನ ಮನಸ್ಸು ಮಾತ್ರ ರೇಸ್‌ಟ್ರ್ಯಾಕ್ ಎಂಬ ಒಣಗಿದ ಕೆರೆಯಲ್ಲಿತ್ತು. ಅಲ್ಲಿ ಕಲ್ಲುಗಳು ತಾವಾಗಿಯೇ ಸರಿದು ಉದ್ದುದ್ದ ಗೆರೆ ಬಿಟ್ಟಿವೆ. ಚಳಿಗಾಲದಲ್ಲಿ ತೆಳುನೀರಿನ ಮೇಲೆ ಹೆಪ್ಪುಗಟ್ಟಿದ ಮಂಜುಗಡ್ಡೆಯ ಹಾಳೆ ಒಡೆದು, ಸಣ್ಣ ಗಾಳಿಗೇ ಕಲ್ಲನ್ನು ನೂಕುತ್ತದೆ ಎಂದು 2014ರಲ್ಲಷ್ಟೇ ಗೊತ್ತಾಯಿತು. ನಿವೃತ್ತ ವಿಜ್ಞಾನ ಮೇಷ್ಟ್ರಿಗೆ ಅದನ್ನು ನೋಡಬೇಡಿ ಅಂತ ಹೇಗೆ ಹೇಳುವುದು?

ಯುಬಿಹೀಬಿ ಜ್ವಾಲಾಮುಖಿ ಕುಳಿಯ ಹತ್ತಿರ ಡಾಂಬರು ಮುಗಿಯುತ್ತದೆ. ಅಲ್ಲಿಂದ ರೇಸ್‌ಟ್ರ್ಯಾಕ್‌ಗೆ ಸುಮಾರು 27 ಮೈಲಿ ಕಚ್ಚಾದಾರಿ. ಫೋನಿನ ನಕ್ಷೆ ಅದನ್ನೂ ಉಳಿದ ರಸ್ತೆಗಳ ಹಾಗೆಯೇ ತೋರಿಸಿತು. ನಮ್ಮದು ಎಸ್‌ಯುವಿ ಅಲ್ಲವಾ ಎಂಬ ಧೈರ್ಯ ಬೇರೆ. ಆದರೆ ಅದರ ಟೈರು ಪೇಟೆ ರಸ್ತೆಯದು. ದಾರಿಯುದ್ದಕ್ಕೂ ಬಟ್ಟೆ ಒಗೆಯುವ ಕಲ್ಲಿನಂಥ ಏರಿಳಿತ, ನಡುನಡುವೆ ಚಾಕುವಿನಂತೆ ಚೂಪಾದ ಕಲ್ಲು. ಬಂದವರೆಲ್ಲ ಕೆಟಲ್ ನೇತುಹಾಕಿರುವ ಟೀಕೆಟಲ್ ಜಂಕ್ಷನ್ ದಾಟುತ್ತಿದ್ದಂತೆ ಹಿಂದಿನ ಟೈರಿನ ಪಕ್ಕ ಸೀಳಿಹೋಯಿತು. ಡಿಕ್ಕಿಯಲ್ಲಿದ್ದ ಸ್ಟೆಪ್ನಿ ಸೈಕಲ್ ಚಕ್ರದಷ್ಟು ತೆಳ್ಳಗಿತ್ತು. ಅದನ್ನೇ ಹಾಕಿ ಹಿಂದಕ್ಕೆ ತಿರುಗಿಸಿದೆವು. ನಾಲ್ಕು ಮೈಲಿಗೆ ಅದೂ ಹೋಯಿತು.

ಫೋನಿಗೆ ಒಂದು ಗೆರೆ ನೆಟ್‌ವರ್ಕ್ ಇಲ್ಲ. ಮೂರು ಗಂಟೆ ಒಂದು ಗಾಡಿಯೂ ಬರಲಿಲ್ಲ. ನಾಲ್ವರಿಗೆ ಎರಡು ಬಾಟಲಿ ನೀರು. ಅಮ್ಮ ಬಾಯಾರಿಕೆಯಿಲ್ಲ ಎಂದು ಪದೇಪದೇ ಹೇಳುತ್ತಿದ್ದಳು. ನಮಗಾಗಿ ಉಳಿಸುತ್ತಿದ್ದಾಳೆ ಎಂದು ಗೊತ್ತಿದ್ದೂ ನಾನು ಸುಮ್ಮನಿದ್ದೆ. ಅದು ಇವತ್ತಿಗೂ ಚುಚ್ಚುತ್ತದೆ. ಕೊನೆಗೆ ಜೀಪಿನಲ್ಲಿ ಬಂದ ದಂಪತಿ ಮೂವರನ್ನೂ ಕರೆದುಕೊಂಡು ಹೋದರು. ನಾನು ಕಾರಿನಲ್ಲೇ ರಾತ್ರಿ ಕಳೆದೆ. ಆ ಜಾಗ ಮೂರೂವರೆ ಸಾವಿರ ಅಡಿಗಿಂತ ಎತ್ತರದಲ್ಲಿದೆ, ಮರಳುಗಾಡಾದರೂ ಹಲ್ಲು ಕಟಕಟ ಅನ್ನುವ ಚಳಿ. ಮರುದಿನ ಬಂದ ಟೋ ಗಾಡಿಗೆ 1,900 ಡಾಲರ್ ಕೊಟ್ಟೆ. ಇನ್ಶೂರೆನ್ಸ್‌ನಿಂದ ಒಂದು ಪೈಸೆ ಸಿಗಲಿಲ್ಲ: ಡಾಂಬರಿಲ್ಲದ ರಸ್ತೆಗೆ ಇಳಿದರೆ ರಕ್ಷಣೆ ಇಲ್ಲ ಎಂದು ನಾನು ಸಹಿ ಹಾಕಿದ ಕರಾರಿನಲ್ಲೇ ಇತ್ತು.

ದುಡ್ಡು ಹೋಗಿದ್ದು ದೊಡ್ಡದಲ್ಲ. 1996ರ ಜುಲೈನಲ್ಲಿ ಜರ್ಮನಿಯ ನಾಲ್ವರ ಕುಟುಂಬವೊಂದು ಇದೇ ಪಾರ್ಕಿನ ಕಚ್ಚಾದಾರಿಯಲ್ಲಿ ಬಾಡಿಗೆ ವ್ಯಾನ್ ಸಿಕ್ಕಿಬಿದ್ದು ಕಾಣೆಯಾಯಿತು. ವ್ಯಾನ್ ಸಿಕ್ಕಿದ್ದು ಅಕ್ಟೋಬರಿನಲ್ಲಿ, ಟೈರುಗಳು ಪಂಕ್ಚರ್ ಆಗಿದ್ದ ಸ್ಥಿತಿಯಲ್ಲಿ. ಮೂಳೆಗಳು ಸಿಕ್ಕಿದ್ದು 2009ರಲ್ಲಿ. ಮನೆಗೆ ಬಂದು ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಹೋಗಲೇಬೇಕೆಂದರೆ ದಪ್ಪ ಟೈರಿನ, ಎತ್ತರದ ಜೀಪನ್ನೇ, ಆ ರಸ್ತೆಗೆ ಒಪ್ಪಿಗೆ ಇರುವ ಕರಾರಿನ ಮೇಲೆ ಬಾಡಿಗೆಗೆ ಪಡೆಯಿರಿ. ಪೂರ್ತಿ ಅಳತೆಯ ಸ್ಟೆಪ್ನಿ ಇದೆಯೇ ಎಂದು ಡಿಕ್ಕಿ ತೆಗೆಸಿ ನೋಡಿ. ನೀರು ತಲೆಗೆ ನಾಲ್ಕು ಲೀಟರಿಗೆ ಕಡಿಮೆ ಬೇಡ. ಕಾರು ನಿಂತರೆ ಅದನ್ನು ಬಿಟ್ಟು ನಡೆಯಬೇಡಿ. ಹುಡುಕುವವರಿಗೆ ಮನುಷ್ಯರಿಗಿಂತ ಕಾರು ಬೇಗ ಕಾಣುತ್ತದೆ. ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಅಂತ ಯಾರಿಗಾದರೂ ಹೇಳಿಟ್ಟು ಹೊರಡಿ. ಫರ್ನೇಸ್ ಕ್ರೀಕ್‌ನ ವಿಸಿಟರ್ ಸೆಂಟರ್‌ನಲ್ಲಿ ರಸ್ತೆ ಹೇಗಿದೆ ಎಂದು ಕೇಳಿದರೆ ರೇಂಜರುಗಳು ಹೇಳುತ್ತಾರೆ. ಆ ಬೆಳಿಗ್ಗೆ ನಾವು ಅದರ ಮುಂದೆಯೇ, ನಿಲ್ಲಿಸದೆ, ಹಾದುಹೋಗಿದ್ದೆವು.