ಟೈಮಿಂಗ್ ಲೈಟ್, ಮೂರು ವರ್ಷದ ಬಳಕೆ: ಇಂಜಿನ್ ಕೆಲಸ ಆದಮೇಲೆ ಮ್ಯಾನಿಫೋಲ್ಡ್ ಕೆಂಪಗಾದಾಗ ಇದೇ ಕೈಹಿಡಿಯಿತು

ಅಪ್ಪನ ಕಾಲದ ಪ್ರೀಮಿಯರ್ ಪದ್ಮಿನಿಗೆ ಮೂರು ವರ್ಷದ ಹಿಂದೆ ಪೂರ್ತಿ ಇಂಜಿನ್ ಕೆಲಸ ಮಾಡಿಸಿದೆ. ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್, ಕ್ರ್ಯಾಂಕ್ ಗ್ರೈಂಡಿಂಗ್, ಹೊಸ ಬೇರಿಂಗ್, ವಾಲ್ವ್ ಲ್ಯಾಪಿಂಗ್, ಎಲ್ಲವೂ ಆಯಿತು. ಸ್ಪೇರ್ಸ್‌ಗಾಗಿ ಶಿವಮೊಗ್ಗದಿಂದ ಬೆಂಗಳೂರಿನ ಜೆ.ಸಿ. ರಸ್ತೆಗೆ ಎರಡು ಸಲ ಹೋಗಿಬಂದೆ. ನಾಲ್ಕು ತಿಂಗಳಾದ ಮೇಲೆ ಗಾಡಿ ಸ್ಟಾರ್ಟ್ ಆದಾಗ ಆ 1089 ಸಿಸಿ ಇಂಜಿನ್ನಿನ ಸದ್ದು ಕೇಳಿ ಅಮ್ಮ ಒಳಗಿಂದ ಓಡಿ ಬಂದಿದ್ದರು.

ರನ್ನಿಂಗ್ ಇನ್‌ಗೆಂದು (ಹೊಸ ಭಾಗಗಳು ಒಂದಕ್ಕೊಂದು ಹೊಂದಿಕೊಳ್ಳಲೆಂದು) ತೀರ್ಥಹಳ್ಳಿ ರಸ್ತೆಯಲ್ಲಿ ಮಂಡಗದ್ದೆವರೆಗೆ ಹೋಗಿ, 50ರ ಮೇಲೆ ಓಡಿಸದೆ ವಾಪಸ್ ಬಂದೆ. ಮನೆ ಸೇರುವಾಗ ಕತ್ತಲಾಗಿತ್ತು. ಶೆಡ್ಡಿನಲ್ಲಿ ಬಾನೆಟ್ ಎತ್ತಿದರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಇಂಜಿನ್ನಿನ ಹೊಗೆಯನ್ನು ಸೈಲೆನ್ಸರ್ ಕಡೆಗೆ ಒಯ್ಯುವ ಕಬ್ಬಿಣದ ಕೊಳವೆ) ಕುಲುಮೆಯಿಂದ ಆಗಷ್ಟೇ ತೆಗೆದ ಕುಡುಗೋಲಿನ ಹಾಗೆ ಮಂಕು ಕೆಂಪಾಗಿ ಹೊಳೆಯುತ್ತಿತ್ತು. ಕಬ್ಬಿಣ ಕತ್ತಲಲ್ಲಿ ಕೆಂಪಾಗಿ ಕಾಣಬೇಕಾದರೆ 500 ಡಿಗ್ರಿ ಸೆಲ್ಸಿಯಸ್ ದಾಟಿರಬೇಕು. ಆದರೆ ಟೆಂಪರೇಚರ್ ಮುಳ್ಳು ಇರಬೇಕಾದ ಜಾಗದಿಂದ ಸ್ವಲ್ಪವೇ ಮೇಲಿತ್ತು, ನೀರು ಕುದಿದಿರಲಿಲ್ಲ. ಪಿಕಪ್ ಮಾತ್ರ ಸಾಲದು. ಹೊಸ ಇಂಜಿನ್ ಬಿಗಿ ಇದೆ, ಅದಕ್ಕೇ ಹೀಗೆ ಅಂದುಕೊಂಡಿದ್ದೆ.

ಮುಂದಿನ ಹದಿನೈದು ದಿನ ಒಬ್ಬೊಬ್ಬರು ಒಂದೊಂದು ಹೇಳಿದರು. ಪೆಟ್ರೋಲ್ ಕಮ್ಮಿ ಬರ್ತಿದೆ, ಜೆಟ್ ಬದಲಿಸಿ ಎಂದರು. ಕಾರ್ಬ್ಯುರೇಟರ್ ಕಿಟ್ ಹಾಕಿಸಿದೆ. ಸೈಲೆನ್ಸರ್ ಕಟ್ಟಿಕೊಂಡಿದೆ ಎಂದರು. ಪೈಪಿನ ಜಾಯಿಂಟ್ ಸಡಿಲಿಸಿ ಓಡಿಸಿದೆ, ಸದ್ದು ಹೆಚ್ಚಾಯಿತೇ ಹೊರತು ಕೆಂಪು ಹೋಗಲಿಲ್ಲ. ಎಕ್ಸಾಸ್ಟ್ ಟ್ಯಾಪೆಟ್ ಬಿಗಿಯಾಗಿದ್ದರೆ ವಾಲ್ವ್ ಪೂರ್ತಿ ಮುಚ್ಚದೆ ಬೆಂಕಿ ಸೋರುತ್ತದೆ, ಅದನ್ನೂ ಫೀಲರ್ ಗೇಜ್ ಹಾಕಿ ನೋಡಿದ್ದಾಯಿತು, ಸರಿಯಾಗಿತ್ತು. ಪ್ಲಗ್ ಬಿಚ್ಚಿದರೆ ನಾಲ್ಕೂ ತಿಳಿ ಕಂದು ಬಣ್ಣ. ಪೆಟ್ರೋಲ್ ಕಮ್ಮಿ ಬರುತ್ತಿದ್ದರೆ ಅವು ಬಿಳಚಿಕೊಂಡಿರಬೇಕಿತ್ತು.

ಉಳಿದದ್ದು ಟೈಮಿಂಗ್, ಅಂದರೆ ಪ್ಲಗ್ಗಿನ ಕಿಡಿ ಬೀಳುವ ಹೊತ್ತು. ಅದನ್ನು ಕೇಳಿದ್ದಕ್ಕೆ ನಮ್ಮ ಮೇಸ್ತ್ರಿಗೆ ಸ್ವಲ್ಪ ಬೇಜಾರಾಯಿತು. "ಬಲ್ಬ್ ಹಚ್ಚಿ ನಾನೇ ಇಟ್ಟಿದ್ದೀನಿ ಸಾರ್, ಕೂದಲೆಳೆ ಆಚೀಚೆ ಆಗಿಲ್ಲ" ಎಂದರು. ಅವರ ಮಾತು ನಿಜವೂ ಆಗಿತ್ತು. ಆದರೂ ಮನಸ್ಸು ಒಪ್ಪದೆ, ಡಿಗ್ರಿ ತೋರಿಸುವ ಡಿಜಿಟಲ್ ಟೈಮಿಂಗ್ ಲೈಟ್ ಒಂದನ್ನು ಆನ್‌ಲೈನ್‌ನಲ್ಲಿ ತರಿಸಿದೆ. ಬೆಲೆ 3,400 ರೂಪಾಯಿ. ಒಂದೇ ಅಚ್ಚಿನದು ಹತ್ತಾರು ಹೆಸರಲ್ಲಿ ಸಿಗುತ್ತದೆ, ಹಾಗಾಗಿ ಬ್ರ್ಯಾಂಡ್ ಹೇಳಿ ಪ್ರಯೋಜನವಿಲ್ಲ.

ನೋಡಲು ಪಿಸ್ತೂಲಿನ ಹಾಗಿದೆ. ಎರಡು ಕ್ಲಿಪ್ ಬ್ಯಾಟರಿಗೆ, ಇನ್ನೊಂದು ಕ್ಲಾಂಪ್ ಒಂದನೇ ಸಿಲಿಂಡರಿನ ಪ್ಲಗ್ ವೈರಿಗೆ. ಆ ಪ್ಲಗ್ ಕಿಡಿ ಹೊಡೆದಾಗಲೆಲ್ಲ ಬೆಳಕು ಮಿಂಚುತ್ತದೆ. ತಿರುಗುತ್ತಿರುವ ಪುಲ್ಲಿಯ ಮೇಲಿನ ಗೀರು ಆ ಬೆಳಕಿನಲ್ಲಿ ನಿಂತಲ್ಲೇ ನಿಂತಂತೆ ಕಾಣುತ್ತದೆ. ಮೊದಲ ಸಲ ನೋಡಿದಾಗ ಮೈ ಜುಮ್ಮೆಂದಿತು. ಹಿಂದಿನ ಪುಟ್ಟ ಪರದೆಯಲ್ಲಿ ಆರ್‌ಪಿಎಂ, ಅದರ ಕೆಳಗೆ ಡಿಗ್ರಿ. ಗುಂಡಿ ಒತ್ತುತ್ತಾ ಹೋಗಿ ಗೀರನ್ನು ಸೊನ್ನೆ ಗುರುತಿಗೆ ತಂದು ನಿಲ್ಲಿಸಿದರೆ, ಪರದೆಯಲ್ಲಿ ಇರುವುದೇ ಅಡ್ವಾನ್ಸ್, ಅಂದರೆ ಪಿಸ್ಟನ್ ತುದಿ ಮುಟ್ಟುವುದಕ್ಕೆ ಎಷ್ಟು ಡಿಗ್ರಿ ಮೊದಲೇ ಕಿಡಿ ಬೀಳುತ್ತದೆ ಎಂಬ ಲೆಕ್ಕ.

ಐಡ್ಲಿಂಗ್‌ನಲ್ಲಿ 9 ಡಿಗ್ರಿ ಬಂತು. ಮೇಸ್ತ್ರಿ ಇಟ್ಟಿದ್ದು ಸರಿ. ಆಕ್ಸಿಲರೇಟರ್ ಒತ್ತಿ 3000 ಆರ್‌ಪಿಎಂಗೆ ತಂದೆ. ಗೀರು ಜಾಗ ಬಿಟ್ಟು ಸರಿಯಬೇಕಿತ್ತು. ಅಲ್ಲಾಡಲಿಲ್ಲ. ಆಗಲೂ 9.

ಇಂಜಿನ್ ವೇಗ ಏರಿದಂತೆ ಪೆಟ್ರೋಲ್ ಉರಿದು ಮುಗಿಯಲು ಸಿಗುವ ಹೊತ್ತು ಕಮ್ಮಿ. ಅದಕ್ಕೇ ಕಿಡಿ ಮೊದಲೇ ಬೀಳಬೇಕು. ಡಿಸ್ಟ್ರಿಬ್ಯೂಟರ್, ಅಂದರೆ ಗ್ಯಾರೇಜಿನಲ್ಲಿ ಎಲ್ಲರೂ ಡೆಲ್ಕೋ ಅನ್ನುವ ಭಾಗದೊಳಗೆ, ಎರಡು ಪುಟ್ಟ ತೂಕಗಳಿವೆ. ವೇಗಕ್ಕೆ ಅವು ಸ್ಪ್ರಿಂಗ್ ಎಳೆದುಕೊಂಡು ಹೊರಗೆ ಹರಡಿ, ಕಿಡಿಯನ್ನು ಮುಂಚಿತವಾಗಿಸುತ್ತವೆ. ನಮ್ಮದರಲ್ಲಿ ಗ್ರೀಸ್ ಒಣಗಿ ಅವು ಅಂಟಿಕೊಂಡಿದ್ದವು. ಕಿಡಿ ತಡವಾಗಿ, ಪಿಸ್ಟನ್ ಕೆಳಗಿಳಿದ ಮೇಲೂ ಬೆಂಕಿ ಉರಿಯುತ್ತಲೇ ಇದ್ದು, ಎಕ್ಸಾಸ್ಟ್ ವಾಲ್ವ್ ತೆರೆದಾಗ ಆ ಬಿಸಿಯೆಲ್ಲ ಮ್ಯಾನಿಫೋಲ್ಡಿಗೆ ನುಗ್ಗುತ್ತಿತ್ತು. ಗಾಡಿಯನ್ನು ಎಳೆಯಬೇಕಾದ ಶಕ್ತಿ ಕಬ್ಬಿಣ ಕಾಯಿಸಲು ಹೋಗುತ್ತಿತ್ತು. ಪಿಕಪ್ ಇಲ್ಲದ್ದಕ್ಕೂ ಅದೇ ಕಾರಣ. ಬಲ್ಬ್ ಹಚ್ಚಿ ಟೈಮಿಂಗ್ ಇಡುವುದು ನಿಂತ ಇಂಜಿನ್ನಿಗೆ. ಓಡುವಾಗ ಏನಾಗುತ್ತಿದೆ ಎಂದು ಆ ಬಲ್ಬ್ ಹೇಳಲಾರದು.

ನಾಲ್ಕು ತಿಂಗಳು ಇಂಜಿನ್ನಿನ ಒಂದೊಂದು ನಟ್ಟೂ ಬಿಚ್ಚಿ ತೊಳೆದಿದ್ದೆವು. ಅಷ್ಟೂ ದಿನ ಡೆಲ್ಕೋ ಮಾತ್ರ ಬಟ್ಟೆ ಸುತ್ತಿಕೊಂಡು ಶೆಲ್ಫಿನ ಮೇಲೆ ಕೂತಿತ್ತು. "ಅದನ್ನ ಮುಟ್ಲೇ ಇಲ್ಲ ಸಾರ್, ಚೆನ್ನಾಗೇ ಇತ್ತಲ್ಲ ಅಂತ" ಎಂದು ಮೇಸ್ತ್ರಿ ಕೈಯಲ್ಲಿ ಹಿಡಿದು ಸುಮ್ಮನೆ ನೋಡುತ್ತಾ ನಿಂತರು. ಆಮೇಲೆ ಅವರೇ ಕೂತು ಸೀಮೆಎಣ್ಣೆಯಲ್ಲಿ ತೊಳೆದು, ತೂಕಗಳ ಪಿನ್ನಿಗೆ ಎರಡು ಹನಿ ಎಣ್ಣೆ ಬಿಟ್ಟರು. ಮತ್ತೆ ಲೈಟ್ ಹಿಡಿದರೆ, ವೇಗ ಏರಿದಂತೆ ಗೀರು ನಯವಾಗಿ ಸರಿಯಿತು. 3000ಕ್ಕೆ 30ರ ಆಸುಪಾಸು. ಅಂದು ಸಂಜೆ ಮತ್ತೆ ಮಂಡಗದ್ದೆಗೆ ಹೋಗಿಬಂದು, ಅದೇ ಕತ್ತಲೆ ಶೆಡ್ಡಿನಲ್ಲಿ ಬಾನೆಟ್ ಎತ್ತಿದೆವು. ಮ್ಯಾನಿಫೋಲ್ಡ್ ಎಲ್ಲಿದೆಯೆಂದು ಟಾರ್ಚ್ ಹಾಕಿ ನೋಡಬೇಕಾಯಿತು.

ಇಷ್ಟು ವರ್ಷದಲ್ಲಿ ಕಂಡ ಕೊರತೆಗಳನ್ನೂ ಹೇಳಬೇಕು. ಕ್ಲಾಂಪಿನ ಒಳಮೈಗೆ ಎಣ್ಣೆ ಹತ್ತಿದರೆ ಬೆಳಕು ತಡವರಿಸುತ್ತದೆ, ಆರ್‌ಪಿಎಂ ಕುಣಿಯುತ್ತದೆ. ಪ್ರತಿ ಸಲ ಒಣಬಟ್ಟೆಯಲ್ಲಿ ಒರೆಸುತ್ತೇನೆ. ಕ್ಲಾಂಪಿನ ಮೇಲಿನ ಬಾಣ ಪ್ಲಗ್ ಕಡೆಗೇ ಇರಬೇಕು. ಬ್ಯಾಟರಿ ಕ್ಲಿಪ್ಪುಗಳು ಮಲೆನಾಡಿನ ಮಳೆಗಾಲಕ್ಕೆ ಒಂದೇ ವರ್ಷದಲ್ಲಿ ತುಕ್ಕು ಹಿಡಿದವು, ಬೇರೆ ಹಾಕಿಸಿದೆ. ವೈರು ಗಿಡ್ಡ, ಮ್ಯಾನಿಫೋಲ್ಡಿಗೆ ತಗುಲಿ ಒಮ್ಮೆ ಅದರ ಹೊದಿಕೆ ಕರಗಿತು. ಮಧ್ಯಾಹ್ನದ ಬಿಸಿಲಿನಲ್ಲಿ ಗೀರು ಕಾಣುವುದೇ ಇಲ್ಲ, ಬಿಳಿ ಪೇಂಟ್ ತುಂಬಿಸಿ ಸಂಜೆ ಹೊತ್ತು ನೋಡುವುದು ಮೇಲು.

ಇನ್ನೊಂದು ಮಾತು ದಯವಿಟ್ಟು ಗಮನಿಸಿ. ಈ ಬೆಳಕಿನಲ್ಲಿ ರೇಡಿಯೇಟರ್ ಫ್ಯಾನ್ ಕೂಡ ನಿಂತಂತೆ, ಇಲ್ಲವೇ ನಿಧಾನಕ್ಕೆ ತಿರುಗಿದಂತೆ ಕಾಣಬಹುದು. ಕೈ, ತೋಳಿನ ಬಟ್ಟೆ, ಹೆಗಲ ಟವೆಲ್ ಯಾವುದೂ ಹತ್ತಿರ ಹೋಗಬಾರದು. ಮಕ್ಕಳನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಬೇಡಿ.

ಇದರ ಜೊತೆಗೇ ತರಿಸಿದ್ದ ಅಗ್ಗದ ಇನ್‌ಫ್ರಾರೆಡ್ ಥರ್ಮಾಮೀಟರ್ 380 ಡಿಗ್ರಿಗೇ ಕೈಚೆಲ್ಲಿತು. ಬಿಸಿ ಎಷ್ಟೆಂದು ತಿಳಿದರೂ ಯಾಕೆಂದು ತಿಳಿಯುವುದಿಲ್ಲ, ಆ ದುಡ್ಡು ಉಳಿಸಬಹುದಿತ್ತು.

ಲೈಟನ್ನು ಈಗ ಎರಡು ತಿಂಗಳಿಗೊಮ್ಮೆ ಹೊರತೆಗೆಯುತ್ತೇನೆ. ಡೆಲ್ಕೋ ಒಳಗೆ ಕರೆಂಟ್ ಕಡಿದು ಕಿಡಿ ಹುಟ್ಟಿಸುವ ಪುಟ್ಟ ಸ್ವಿಚ್ಚೇ ಪಾಯಿಂಟ್. ಅದರ ಹಿಮ್ಮಡಿ ಸವೆದಂತೆ ಗ್ಯಾಪ್ ಕಿರಿದಾಗಿ ಟೈಮಿಂಗ್ ತಡವಾಗುತ್ತಾ ಬರುತ್ತದೆ. ಹೊಸ ಪಾಯಿಂಟ್ ಹಾಕಿದ ಮೊದಲ 1500 ಕಿ.ಮೀ. ಒಳಗೆ ನನ್ನದು 3 ಡಿಗ್ರಿ ಹಿಂದೆ ಬಿದ್ದಿತ್ತು. ಓಡಿಸುವವರಿಗೆ ಅದು ಗೊತ್ತೇ ಆಗುವುದಿಲ್ಲ. ಡೆಲ್ಕೋ ಇರುವ ಹಳೆ ಗಾಡಿ ನಿಮ್ಮಲ್ಲಿದ್ದರೆ, ಅದರಲ್ಲೂ ಇಂಜಿನ್ ಕೆಲಸ ಈಗಷ್ಟೇ ಆಗಿದ್ದರೆ, ಕಾರ್ಬ್ಯುರೇಟರ್ ಬಿಚ್ಚಿಸುವ ಮೊದಲು ಇದನ್ನು ತರಿಸಿ. ಕಿಡಿಯ ಲೆಕ್ಕವನ್ನು ಕಂಪ್ಯೂಟರೇ ನೋಡಿಕೊಳ್ಳುವ ಈಗಿನ ಗಾಡಿಗಳಿಗೆ ಇದು ಬೇಡ. 5ಕ್ಕೆ 4 ಅಂಕ. ಒಂದು ಕಳೆದದ್ದು ಆ ಗಿಡ್ಡ ವೈರಿಗೆ ಮತ್ತು ತುಕ್ಕು ಹಿಡಿದ ಕ್ಲಿಪ್ಪುಗಳಿಗೆ. ನಮ್ಮ ಮೇಸ್ತ್ರಿಯೂ ಹೋದ ವರ್ಷ ಒಂದು ತರಿಸಿಕೊಂಡಿದ್ದಾರೆ.